ಗುರುವಾರ ರಾತ್ರಿ ಅರೆಯುವ ಹಿಟ್ಟು

2013ರ ಜೂನ್ ಕೊನೆಯಲ್ಲಿ ಸೌದಿ ಅರೇಬಿಯಾದ ವಾರದ ರಜೆ ಗುರುವಾರ–ಶುಕ್ರವಾರದಿಂದ ಶುಕ್ರವಾರ–ಶನಿವಾರಕ್ಕೆ ಸರಿಯಿತು. ಅಕ್ಕಪಕ್ಕದ ದೇಶಗಳ ಬ್ಯಾಂಕು, ಪೇಟೆಗಳ ಜೊತೆ ವಹಿವಾಟಿನ ದಿನಗಳನ್ನು ಹೊಂದಿಸಲು ಹೊರಟ ರಾಜಾಜ್ಞೆ ಅದು. ದಮ್ಮಾಮ್, ಜುಬೈಲ್, ರಿಯಾದ್, ಜಿದ್ದಾಗಳ ಕನ್ನಡ ಮನೆಗಳಲ್ಲಿ ಅದರಿಂದ ಮೊದಲು ಬದಲಾದದ್ದು ಉದ್ದು ನೆನೆಹಾಕುವ ದಿನ. ಅದುವರೆಗೆ ಬುಧವಾರ ಮಧ್ಯಾಹ್ನ ಅಕ್ಕಿ, ಉದ್ದು ನೀರಿಗೆ ಬೀಳುತ್ತಿದ್ದವು. ರಾತ್ರಿ ಗ್ರೈಂಡರ್ ತಿರುಗುತ್ತಿತ್ತು. ಗುರುವಾರ ಬೆಳಿಗ್ಗೆ ಮಕ್ಕಳು ಏಳುವ ಹೊತ್ತಿಗೆ ಇಡ್ಲಿ. ಆಮೇಲೆ ಎಲ್ಲವೂ ಒಂದು ದಿನ ಮುಂದಕ್ಕೆ ಹೋಯಿತು. ವಾರಕ್ಕೆ ಆರು ದಿನ ದುಡಿಸುವ ಖಾಸಗಿ ಕಂಪನಿಗಳ ನೌಕರರಿಗೆ ಮಾತ್ರ ಶುಕ್ರವಾರವೊಂದೇ ರಜೆ. ಅವರ ಮನೆಗಳಲ್ಲಿ ಹಿಟ್ಟು ಅರೆಯುವ ರಾತ್ರಿ ಮೊದಲಿನಿಂದಲೂ ಗುರುವಾರವೇ.

ಆ ಗ್ರೈಂಡರ್ ಅಲ್ಲಿಗೆ ಬಂದ ದಾರಿ ದೊಡ್ಡದು. 1970ರ ದಶಕದ ತೈಲದ ಏರಿಕೆಯ ಹೊತ್ತಿಗೆ ಕರಾವಳಿಯ ಗಂಡಸರು ಬೊಂಬಾಯಿಗೆ ಬಸ್ಸು ಹತ್ತಿ, ಅಲ್ಲಿಂದ ವಿಮಾನ ಹಿಡಿದು ಸೌದಿಗೆ ಹೋದರು. ಮಂಗಳೂರಿನ ಬಜ್ಪೆಯಿಂದಲೇ ಕೊಲ್ಲಿಗೆ ವಿಮಾನ ಹಾರಲು 2006ರವರೆಗೆ ಕಾಯಬೇಕಾಯಿತು. ಮೊದಲ ತಲೆಮಾರಿನವರು ಒಂದೇ ಕೋಣೆಯಲ್ಲಿ ಆರೆಂಟು ಮಂದಿ ಇದ್ದು, ಸರದಿಯ ಮೇಲೆ ಅನ್ನ ಸಾರು ಮಾಡಿಕೊಂಡವರು. ಅವರ ಅಡುಗೆಯ ಸಹಾಯಕ್ಕಿದ್ದದ್ದು ಒಂದು ಪ್ರೆಷರ್ ಕುಕ್ಕರ್ ಮತ್ತು ಒಂದು ಚಾಕು. ಹೆಂಡತಿ ಮಕ್ಕಳಿಗೆ ವೀಸಾ ಸಿಕ್ಕ ಮೇಲೆಯೇ ಮನೆ ಎಂಬುದು ಶುರುವಾದದ್ದು. ಅದರೊಂದಿಗೆ ಹೆರೆಮಣೆ, ಇಡ್ಲಿ ಅಟ್ಟ, ಚಕ್ಕುಲಿ ಒರಳು, ನೀರುದೋಸೆಯ ಕಾವಲಿ ಒಂದೊಂದೇ ಬಂದವು. ಹೆರೆಮಣೆಯ ಹಲ್ಲಿಗೆ ಬಟ್ಟೆ ಸುತ್ತಿ ಸೂಟ್‌ಕೇಸಿನ ನಡುವೆ ಇಡುವುದು, ಕಾವಲಿಯನ್ನು ಸೀರೆಗಳ ಮಡಿಕೆಯಲ್ಲಿ ತೂರಿಸುವುದು, ಇವೆಲ್ಲ ಒಬ್ಬರಿಂದ ಒಬ್ಬರು ಕಲಿತ ಪಾಠ. ಗ್ರೈಂಡರ್‌ನದೇ ಕಷ್ಟ. ಕಲ್ಲು ಕಲ್ಲೇ. ಮೂವತ್ತು ಕಿಲೋ ಸಾಮಾನಿಗೆ ಅವಕಾಶವಿದ್ದರೆ ಅದರಲ್ಲಿ ಮೂರನೇ ಒಂದು ಪಾಲು ಅದಕ್ಕೇ ಹೋಗುತ್ತದೆ. ಆ ಪಾಲನ್ನು ಕೊಟ್ಟವರು ಎಷ್ಟೋ ಜನ. ಅದಕ್ಕಾಗಿ ಬಟ್ಟೆಬರೆ ಬಿಟ್ಟು ಬಂದವರೂ ಇದ್ದಾರೆ.

ಅರೆಯುವ ಕಲ್ಲಿಗೆ ಮೋಟಾರು ಜೋಡಿಸಿದ ಕೀರ್ತಿ ಕೊಯಮತ್ತೂರಿನದು. 1955ರಲ್ಲಿ ಪಿ. ಸಭಾಪತಿ ಎಂಬವರು ಅಲ್ಲಿ ಮೊದಲ ಗ್ರೈಂಡರ್ ತಯಾರಿಸಿದರು; ಆ ಊರಿನ ಗ್ರೈಂಡರ್‌ಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ದಕ್ಷಿಣದ ಹೆಂಗಸರ ತೋಳು, ಬೆನ್ನು ಉಳಿಸಿದ ಯಂತ್ರ ಅದು. ಅದರ ಉಪಕಾರವನ್ನು ನಮ್ಮ ಅಡುಗೆಯ ಇತಿಹಾಸ ಇನ್ನೂ ಸರಿಯಾಗಿ ಬರೆದುಕೊಂಡಿಲ್ಲ.

ಆದರೆ ಸೌದಿಯ ಕರೆಂಟು ಬೇರೆ. ಹಳೆಯ ಮನೆಗಳಲ್ಲಿ ಎರಡು ಬಗೆಯ ವಿದ್ಯುತ್ ಒಟ್ಟಿಗೇ ಇರುತ್ತಿತ್ತು: ದೀಪ, ಫ್ರಿಜ್, ಟೀವಿಗೆ ಜನ ನೂರಹತ್ತು ಎಂದು ಕರೆಯುತ್ತಿದ್ದ 127 ವೋಲ್ಟ್, ಏಸಿಗೆ, ಗೀಸರಿಗೆ 220 ವೋಲ್ಟ್. ಅಡುಗೆಕಟ್ಟೆಯ ಬಳಿ ಇದ್ದ ಸಾಕೆಟ್ಟು ಸಾಮಾನ್ಯವಾಗಿ ಮೊದಲನೆಯದು. ಊರಿನಿಂದ ತಂದ ಮಿಕ್ಸಿಯನ್ನು ಅದಕ್ಕೆ ಹಾಕಿದರೆ ಬ್ಲೇಡು ನಿಧಾನವಾಗಿ ತಿರುಗಿ, ಕೊಬ್ಬರಿ ನುರಿಯದೆ ಜಾರಿನ ಗೋಡೆಗೆ ಅಂಟಿ ಕೂರುತ್ತಿತ್ತು. ಅಲ್ಲಿ ಕೊಂಡ ಮಿಕ್ಸಿಯನ್ನು ಮರೆತು ಏಸಿಯ ಸಾಕೆಟ್ಟಿಗೆ ಸಿಕ್ಕಿಸಿದರೆ ಒಂದು ಕ್ಷಣದಲ್ಲಿ ಹೊಗೆ. ಹೀಗಾಗಿ ಮಲಗುವ ಕೋಣೆಯ ಏಸಿಯಿಂದ ಉದ್ದನೆಯ ವಯರು ಎಳೆದು ನಡುಮನೆಯಲ್ಲಿ ಹಿಟ್ಟು ಅರೆದ ಕುಟುಂಬಗಳು ನೂರಾರು. ಟ್ರಾನ್ಸ್‌ಫಾರ್ಮರ್ ಎಂಬ ಭಾರದ ಪೆಟ್ಟಿಗೆ ಕೊಂಡವರೂ ಇದ್ದರು. 2010ರಲ್ಲಿ ಸೌದಿ ಸಚಿವ ಸಂಪುಟ ಇಡೀ ದೇಶವನ್ನು 230 ವೋಲ್ಟಿಗೆ ತರಲು ತೀರ್ಮಾನಿಸಿ, ಇಪ್ಪತ್ತೈದು ವರ್ಷಗಳ ಗಡುವು ಹಾಕಿಕೊಂಡಿತು. ಹೊಸ ಕಟ್ಟಡಗಳಲ್ಲಿ ಈಗ ಆ ತಾಪತ್ರಯವಿಲ್ಲ.

ಉಳಿದುಕೊಂಡದ್ದು ಇನ್ನೊಂದು ವ್ಯತ್ಯಾಸ. ಭಾರತದ ವಿದ್ಯುತ್ ಸೆಕೆಂಡಿಗೆ 50 ಆವರ್ತ, ಸೌದಿಯದು 60. ಮಿಕ್ಸಿಯ ಮೋಟಾರಿಗೆ ಇದರಿಂದ ಏನೂ ಆಗುವುದಿಲ್ಲ. ಗ್ರೈಂಡರ್‌ನ ಇಂಡಕ್ಷನ್ ಮೋಟಾರು ಮಾತ್ರ ಆವರ್ತವನ್ನೇ ಹಿಡಿದು ತಿರುಗುವಂಥದ್ದು. ಅಲ್ಲಿ ಅದರ ವೇಗ ಸುಮಾರು ಐದನೇ ಒಂದು ಪಾಲು ಹೆಚ್ಚುತ್ತದೆ. ಹಿಟ್ಟು ಬೇಗ ನುಣ್ಣಗಾಗುತ್ತದೆ, ಬೇಗ ಬಿಸಿಯೂ ಆಗುತ್ತದೆ. ಬಿಸಿಯಾದ ಉದ್ದು ಉಬ್ಬುವುದಿಲ್ಲ. ಇದರ ಭೌತಶಾಸ್ತ್ರ ಗೊತ್ತಿಲ್ಲದವರೂ ಅನುಭವದಿಂದಲೇ ಪರಿಹಾರ ಕಂಡುಕೊಂಡರು: ಅರೆಯುವಾಗ ಫ್ರಿಜ್ಜಿನ ತಣ್ಣೀರು, ಬೇಸಗೆಯಲ್ಲಾದರೆ ನಾಲ್ಕು ಐಸ್ ತುಂಡು. ಮದುವೆಯಾಗಿ ಹೊಸದಾಗಿ ಬಂದ ಹುಡುಗಿಗೆ ಪಕ್ಕದ ಮನೆಯ ಅಕ್ಕ ಕಲಿಸುವ ಮೊದಲ ಗುಟ್ಟು ಇದೇ.

ಹವೆಯೂ ಒಬ್ಬ ಕೆಲಸಗಾರ. ಅದರ ಸ್ವಭಾವ ಊರಿಂದ ಊರಿಗೆ ಬೇರೆ. ಜುಲೈ ತಿಂಗಳ ಸೆಕೆಯಲ್ಲಿ ಹಿಟ್ಟನ್ನು ಏಸಿ ಇಲ್ಲದ ಅಡುಗೆಮನೆಯಲ್ಲಿ ಬಿಟ್ಟರೆ ನಾಲ್ಕೈದು ತಾಸಿನಲ್ಲಿ ಹುದುಗಿ ಪಾತ್ರೆಯಿಂದ ಹೊರಗೆ ಇಳಿಯುತ್ತದೆ. ಅಲಾರಂ ಇಟ್ಟು ನಡುರಾತ್ರಿ ಎದ್ದು ಫ್ರಿಜ್ಜಿಗೆ ಸೇರಿಸಬೇಕು. ಜನವರಿಯ ರಿಯಾದ್‌ನಲ್ಲಿ ಅದೇ ಹಿಟ್ಟು ಬೆಳಗಾದರೂ ಮಿಸುಕುವುದಿಲ್ಲ. ಆರು ನೂರು ಮೀಟರ್ ಎತ್ತರದ ಮರಳುಭೂಮಿಯ ನಗರ ಅದು. ಚಳಿಗಾಲದ ರಾತ್ರಿಗಳಲ್ಲಿ ಉಷ್ಣತೆ ಹತ್ತು ಡಿಗ್ರಿಗಿಂತ ಕೆಳಗೆ ಜಾರುತ್ತದೆ. ಆಗ ಓವನ್ನಿನ ಒಳದೀಪವನ್ನಷ್ಟೇ ಉರಿಸಿ ಹಿಟ್ಟಿನ ಪಾತ್ರೆಯನ್ನು ಅದರೊಳಗೆ ಮಲಗಿಸುತ್ತಾರೆ. ರಿಯಾದ್‌ನ ಒಣಹವೆ ಹೋಳಿಗೆಯ ಕಣಕಕ್ಕೆ ಶತ್ರು, ಒದ್ದೆ ಬಟ್ಟೆ ಮುಚ್ಚದಿದ್ದರೆ ಹತ್ತು ನಿಮಿಷದಲ್ಲಿ ಮೇಲೆ ಪೊರೆ ಕಟ್ಟುತ್ತದೆ. ಆದರೆ ಚಕ್ಕುಲಿಗೆ, ಹಪ್ಪಳಕ್ಕೆ ಅದೇ ಹವೆ ವರ. ಅಲ್ಲಿ ಕರಿದ ಚಕ್ಕುಲಿಯನ್ನು ತಟ್ಟೆಯಲ್ಲಿ ತೆರೆದಿಟ್ಟರೂ ಗರಿ ಹೋಗುವುದಿಲ್ಲ. ಬಾಲ್ಕನಿಯಲ್ಲಿ ಬೆಳಿಗ್ಗೆ ಹಾಕಿದ ಸಂಡಿಗೆ ಸಂಜೆಗೆ ಡಬ್ಬಿ ಸೇರುತ್ತದೆ, ಧೂಳುಗಾಳಿ ಏಳದಿದ್ದರೆ. ಕಡಲತಡಿಯ ದಮ್ಮಾಮ್, ಜುಬೈಲ್, ಜಿದ್ದಾದವರಿಗೆ ಈ ಭಾಗ್ಯವಿಲ್ಲ. ಅಲ್ಲಿಯ ತೇವ ಮಂಗಳೂರಿನ ತೇವಕ್ಕೆ ಕಡಿಮೆಯೇನಲ್ಲ, ಡಬ್ಬಿಯ ಮುಚ್ಚಳ ಸ್ವಲ್ಪ ಸಡಿಲವಾದರೂ ಚಕ್ಕುಲಿ ಮೆತ್ತಗಾಗುತ್ತದೆ. ರಿಯಾದ್‌ಗೆ ಹೋಗಿಬರುವವರ ಕೈಯಲ್ಲಿ ದಮ್ಮಾಮಿನ ಅಕ್ಕತಂಗಿಯರು ಸಂಡಿಗೆ ತರಿಸಿಕೊಳ್ಳುವುದು ಇದಕ್ಕೇ.

ಪರದೇಶದ ಮನೆತಿಂಡಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ನೆನಪಿನ ಬಗ್ಗೆ, ಊರಿನ ಹಂಬಲದ ಬಗ್ಗೆ ಬರೆಯುತ್ತಾರೆ. ಹಂಬಲ ಇರುವುದು ನಿಜ. ಆದರೆ ಹಂಬಲವೊಂದರಿಂದಲೇ ಇಡ್ಲಿ ಉಬ್ಬುವುದಿಲ್ಲ. ಮನೆತಿಂಡಿ ಕೆಲಸ, ಕೌಶಲ ಬೇಡುವ, ತಾಸುಗಟ್ಟಲೆ ಹಿಡಿಯುವ ಕೆಲಸ. ಅದನ್ನು ಮಾಡುವವರಿಗೆ ಸಿಗಬೇಕಾದ ಗೌರವ ಸಿಗಬೇಕಾದರೆ ಮೊದಲು ಅದು ಕೆಲಸ ಎಂದು ಒಪ್ಪಬೇಕು.

ಸಾಮಾನು ಹೊಂದಿಸುವುದಂತೂ ಒಂದು ವಿದ್ಯೆಯೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ಬಂದಾಗ ಬೆಂಗಳೂರಿನ ಎಂ.ಟಿ.ಆರ್. ರವೆಯಲ್ಲಿ ಇಡ್ಲಿ ಮಾಡಿತು. ಇಲ್ಲದ್ದಕ್ಕೆ ಅಳುವ ಬದಲು ಇದ್ದದ್ದರಲ್ಲಿ ಹೊಸದನ್ನು ಕಟ್ಟುವ ಆ ಬುದ್ಧಿಯೇ ಸೌದಿಯ ಕನ್ನಡ ಅಡುಗೆಮನೆಗಳಲ್ಲೂ ಕೆಲಸ ಮಾಡುತ್ತದೆ. ಜಿದ್ದಾದ ಶರಫಿಯ್ಯ, ರಿಯಾದ್‌ನ ಬತ್ಹಾಗಳ ಭಾರತೀಯ ಅಂಗಡಿಗಳಲ್ಲಿ ಕುಚ್ಚಲಕ್ಕಿ, ತೆಂಗಿನಕಾಯಿ, ಕರಿಬೇವು, ಕೋರಿರೊಟ್ಟಿಯ ಕಟ್ಟು ಸಿಗುತ್ತವೆ. ಕೆಸುವಿನ ಎಲೆ ಬೇಕೆಂದಾಗ ಸಿಗುವುದಿಲ್ಲ. ಆಗ ಪತ್ರೊಡೆಗೆ ನೆರವಾಗುವುದು ತರಕಾರಿ ಮಾರುಕಟ್ಟೆಯ ಸಿಲ್ಖ್ ಸೊಪ್ಪು. ಅಗಲ ಎಲೆ, ದಪ್ಪ ದಂಟು. ಅರಬ್ಬರು ಅದನ್ನು ಬೇಯಿಸಿ ತಿನ್ನುತ್ತಾರೆ. ದಂಟು ಸೀಳಿ ತೆಗೆದು, ಹುಣಸೆ ಬೆಲ್ಲ ಮೆಣಸು ಬೆರೆಸಿ ಅರೆದ ಅಕ್ಕಿಹಿಟ್ಟು ಬಳಿದು, ಎಲೆಯ ಮೇಲೆ ಎಲೆಯಿಟ್ಟು ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಿದರೆ ಪತ್ರೊಡೆ ಆಗುತ್ತದೆ. ಕೆಸುವಿನ ಗಟ್ಟಿತನ ಬರುವುದಿಲ್ಲ. ತುರಿಕೆಯ ಭಯವೂ ಇಲ್ಲ. ಹಲಸಿನ ಎಲೆಯ ಕೊಟ್ಟಿಗೆಗೆ ಬದಲಾಗಿ ಸ್ಟೀಲ್ ಲೋಟದಲ್ಲಿ ಕಡುಬು. ಮಂಗಳೂರು ಬನ್ಸಿಗೆ ಫಿಲಿಪೈನ್ಸಿನಿಂದ ಬರುವ ಬಾಳೆಹಣ್ಣು, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಮೂಡುವವರೆಗೆ ಕಾದಿಟ್ಟದ್ದು. ಜೊತೆಗೆ ಜಬಾದಿ ಎಂಬ ಗಟ್ಟಿ ಮೊಸರು, ಸಕ್ಕರೆ, ಜೀರಿಗೆ, ಚಿಟಿಕೆ ಸೋಡ, ಮೈದಾ. ಈ ಹಿಟ್ಟನ್ನೂ ಗುರುವಾರ ರಾತ್ರಿ ಕಲಸಿಟ್ಟರೆ ಶುಕ್ರವಾರ ಬೆಳಿಗ್ಗೆ ದಪ್ಪಗೆ ಲಟ್ಟಿಸಿ ಕರಿಯಬಹುದು. ಇನ್ನು ಮಜ್ಜಿಗೆಹುಳಿ, ತಂಬುಳಿಗೆ ಲಬನ್ ಎಂಬ ಮಜ್ಜಿಗೆ ಇದೆ. 1977ರಲ್ಲಿ ಶುರುವಾದ ಅಲ್‌ಮರಾಯ್‌ನಂಥ ಡೇರಿಗಳು ಮರಳುಗಾಡಿನ ನಡುವೆ ಹಸು ಸಾಕಿ, ಆ ಮಜ್ಜಿಗೆಯನ್ನು ಪ್ರತಿ ಕಿರಾಣಿ ಅಂಗಡಿಯ ಫ್ರಿಜ್ಜಿಗೂ ತಲುಪಿಸಿವೆ.

ಒಂದು ಸಾಮಾನಿಗೆ ಮಾತ್ರ ಬಾಗಿಲು ಪೂರ್ತಿ ಮುಚ್ಚಿದೆ: ಗಸಗಸೆ. ಅಫೀಮಿನ ಗಿಡದ ಬೀಜವೆಂದು ಸೌದಿಯಲ್ಲಿ ಅದು ನಿಷಿದ್ಧ, ಮಸಾಲೆ ಪೊಟ್ಟಣದಲ್ಲಿ ಸ್ವಲ್ಪ ಇದ್ದರೂ ವಿಮಾನ ನಿಲ್ದಾಣದಲ್ಲಿ ದೊಡ್ಡ ತೊಂದರೆ. ಊರಿನಿಂದ ಹೊರಡುವವರ ಡಬ್ಬಿಗೆ ಅಮ್ಮ ಹಾಕಿಕೊಟ್ಟ ಅಂಟಿನುಂಡೆಯಲ್ಲಿ ಗಸಗಸೆ ಬಿದ್ದಿಲ್ಲವಷ್ಟೆ ಎಂದು ಎರಡೆರಡು ಸಲ ಕೇಳಿ ಖಚಿತಪಡಿಸಿಕೊಳ್ಳುವುದು ಅತಿ ಎಚ್ಚರವೇನಲ್ಲ, ಅಗತ್ಯ. ಗಸಗಸೆ ಪಾಯಸ ಅಲ್ಲಿ ಬಾದಾಮಿ ಪಾಯಸವಾಗುತ್ತದೆ.

ಉತ್ತರ ಕರ್ನಾಟಕದವರಿಗೆ ಗಸಗಸೆ ಇಲ್ಲದ ಗೋಧಿ ಹುಗ್ಗಿ ಅರ್ಧ ಹುಗ್ಗಿ. ಆದರೆ ಅದರ ಗೋಧಿಯ ವಿಷಯದಲ್ಲಿ ಕಲಬುರಗಿ, ವಿಜಯಪುರ, ಬೀದರದ ಕಡೆಯ ಮನೆಗಳಿಗೆ ಸೌದಿ ಪೇಟೆ ಧಾರಾಳ. ಹುಗ್ಗಿಗೆ ಬೇಕಾದ ಕುಟ್ಟಿದ ಗೋಧಿ ಹರೀಸ್ ಎಂಬ ಹೆಸರಿನಲ್ಲಿ ಯಾವ ಅಂಗಡಿಯಲ್ಲೂ ಸಿಗುತ್ತದೆ. ಮಾಂಸದ ಜೊತೆ ತಾಸುಗಟ್ಟಲೆ ಬೇಯಿಸಿ ಕಡೆಯುವ ಅರಬ್ಬರ ಹರೀಸ್ ಅಡುಗೆಯನ್ನು ಯುನೆಸ್ಕೊ 2023ರಲ್ಲಿ ಯುಎಇ, ಒಮಾನ್, ಸೌದಿ ಅರೇಬಿಯಾಗಳ ಪರಂಪರೆಯಾಗಿ ಪಟ್ಟಿಗೆ ಸೇರಿಸಿತು. ಅದೇ ವರ್ಷದ ಜನವರಿಯಲ್ಲಿ ಸೌದಿ ಸರ್ಕಾರ ಜರೀಶ್ ಎಂಬ ಗೋಧಿ ನುಚ್ಚಿನ ಅಡುಗೆಯನ್ನು ರಾಷ್ಟ್ರೀಯ ಊಟವೆಂದು, ತುಪ್ಪ ಜೇನು ಸುರಿದು ತಿನ್ನುವ ಮಕ್ಷೂಷ್ ಎಂಬ ಪುಟ್ಟ ರೊಟ್ಟಿಗಳನ್ನು ರಾಷ್ಟ್ರೀಯ ಸಿಹಿಯೆಂದು ಸಾರಿತು. ಜರೀಶ್ ಬೇಯುವುದೂ ಲಬನ್‌ನಲ್ಲೇ. ನುಚ್ಚು ಮಜ್ಜಿಗೆ ಉಂಡು ಬೆಳೆದವರಿಗೆ ಅದರ ಮೊದಲ ತುತ್ತೇ ಪರಿಚಿತ. ದಕ್ಷಿಣದ ಜಿಜಾನ್ ಪ್ರಾಂತದಲ್ಲಿ ಜೋಳ ಬೆಳೆಯುತ್ತಾರೆ, ಮಣ್ಣಿನ ಒಲೆಯಲ್ಲಿ ಅದರ ರೊಟ್ಟಿ ಸುಡುತ್ತಾರೆ. ಪೂರ್ವದ ಅಲ್-ಅಹ್ಸಾ ಓಯಸಿಸ್‌ನಲ್ಲಿ ಹಸ್ಸಾವಿ ಎಂಬ ಕೆಂಪಕ್ಕಿ ಬೆಳೆಯುತ್ತದೆ, ಬೆಲೆ ಬಲು ದುಬಾರಿ. ಬಾಣಂತಿಯರಿಗೆ ಅದನ್ನು ಬೇಯಿಸಿ ಕೊಡುವುದು ಅಲ್ಲಿಯ ರೂಢಿ. ಕುಚ್ಚಲಕ್ಕಿ ಗಂಜಿಯ ಕರಾವಳಿಯವರಿಗೆ ಇದಕ್ಕಿಂತ ಹತ್ತಿರದ ನಂಟು ಬೇಕಿಲ್ಲ.

ಮನೆಯ ನೆರವು ಎಂದಾಗ ಯಂತ್ರಗಳ ಮಾತಷ್ಟೇ ಆಡಿ ಮುಗಿಸುವಂತಿಲ್ಲ. ಸೌದಿಯ ಕನ್ನಡ ಕುಟುಂಬಗಳಲ್ಲಿ ಸಂಬಳದ ಕೆಲಸದವರನ್ನು ಇಟ್ಟುಕೊಳ್ಳುವ ಶಕ್ತಿ ಇರುವವರು ಕಡಿಮೆ. ಅಲ್ಲಿ ನೆರವಾಗುವುದು ಗಂಡ, ಮಕ್ಕಳು, ನೆರೆಮನೆಯವರು. ಊರಿನಲ್ಲಿ ಒಲೆಯ ಹತ್ತಿರ ಸುಳಿಯದ ಗಂಡಸರು ಅಲ್ಲಿ ಶುಕ್ರವಾರ ಬೆಳಿಗ್ಗೆ ತೆಂಗಿನಕಾಯಿ ಒಡೆದು ತುರಿದು, ವಾರಕ್ಕಾಗುವಷ್ಟನ್ನು ಪೊಟ್ಟಣ ಕಟ್ಟಿ ಫ್ರೀಜರಿಗೆ ಹಾಕುತ್ತಾರೆ. ಬ್ರಹ್ಮಚಾರಿ ಕೋಣೆಯ ದಿನಗಳು ಅವರಿಗೆ ಅಷ್ಟನ್ನು ಕಲಿಸಿವೆ.

ಆದರೆ ನಮ್ಮ ನಾಡಿನ ಹೆಣ್ಣುಮಕ್ಕಳೇ ಇನ್ನೊಬ್ಬರ ಮನೆಯ ನೆರವಾಗಿ ಸೌದಿಗೆ ಹೋಗಿದ್ದಾರೆ. ಅವರು ಬೇಯಿಸುವುದು ಕಬ್ಸ ಎಂಬ ಮಾಂಸದನ್ನ, ಜರೀಶ್. ಅವರ ಸ್ವಂತ ಮಕ್ಕಳು ತಿನ್ನುವುದು ಊರಿನಲ್ಲಿ ಅಜ್ಜಿಯ ಕೈಯಡುಗೆ. ಭಾರತ ಮತ್ತು ಸೌದಿ ಅರೇಬಿಯಾ 2014ರ ಜನವರಿ 2ರಂದು ದೆಹಲಿಯಲ್ಲಿ ಮನೆಗೆಲಸದವರ ನೇಮಕದ ಬಗ್ಗೆ ಒಪ್ಪಂದ ಮಾಡಿಕೊಂಡವು. ಮೂವತ್ತು ತುಂಬದ ಹೆಂಗಸರನ್ನು ಈ ಕೆಲಸಕ್ಕೆ ಕಳಿಸುವಂತಿಲ್ಲ ಎನ್ನುವುದು ಭಾರತದ ನಿಯಮ. ದಿನಕ್ಕೆ ಒಂಬತ್ತು ತಾಸಿನ ವಿಶ್ರಾಂತಿ, ವಾರಕ್ಕೊಂದು ದಿನ ಬಿಡುವು ಕೊಡಬೇಕೆಂದು ಸೌದಿ ಸಂಪುಟ 2013ರಲ್ಲೇ ಕಟ್ಟಳೆ ಮಾಡಿತ್ತು. ಹೀಗಿದ್ದೂ ಏಜೆಂಟರ ಮಾತು ನಂಬಿ, ಹೇಳಿದ್ದೊಂದು ಸಿಕ್ಕಿದ್ದೊಂದಾಗಿ ನರಳಿ, ಊರಿನವರ ಓಡಾಟದಿಂದ ಹಿಂದಿರುಗಿದ ಕರಾವಳಿಯ ಹೆಂಗಸರಿದ್ದಾರೆ. ಒಳ್ಳೆಯ ಮನೆ ಸಿಕ್ಕಿ, ಮಕ್ಕಳನ್ನು ಓದಿಸಿ, ಹೆಂಚು ಹೊದಿಸಿದ ಮನೆಗೆ ತಾರಸಿ ಹಾಕಿಸಿದವರೂ ಇದ್ದಾರೆ. ಎರಡೂ ನಿಜ. ಅವರಿಗೆ ಬರಬೇಕಾದ ವಿಶ್ರಾಂತಿಯ ತಾಸುಗಳು ಕಾಗದದಲ್ಲಿ ಉಳಿಯದೆ ದಿನಚರಿಯಲ್ಲಿ ಬರಬೇಕು. ಅದಕ್ಕೆ ಊರಿನಲ್ಲಿರುವವರೂ ದನಿಯೆತ್ತಬೇಕು.

2017ರ ಜುಲೈ ಸೌದಿಯ ಕನ್ನಡ ಮನೆಗಳನ್ನು ನಡುಗಿಸಿತು. ಜೊತೆಗಿರುವ ಪ್ರತಿ ಅವಲಂಬಿತರಿಗೂ ತಿಂಗಳಿಗೆ 100 ರಿಯಾಲ್ ಶುಲ್ಕ, ವರ್ಷ ವರ್ಷ ನೂರರಂತೆ ಏರಿ 2020ಕ್ಕೆ 400. ಹೆಂಡತಿ, ಇಬ್ಬರು ಮಕ್ಕಳಿದ್ದವರು ತಿಂಗಳಿಗೆ 300 ರಿಯಾಲಿನಿಂದ ಶುರು ಮಾಡಿ 1200 ತಲುಪಬೇಕು. ಸಾಧಾರಣ ಸಂಬಳದವರಿಗೆ ಇದು ಆಗುವ ಮಾತಾಗಿರಲಿಲ್ಲ. ಶಾಲೆಯ ವರ್ಷ ಮುಗಿಯುವುದನ್ನು ಕಾದು ಎಷ್ಟೋ ಕುಟುಂಬಗಳು ಊರಿಗೆ ಹೊರಟವು. ಗಂಡಸರು ಮತ್ತೆ ಹಂಚಿಕೊಂಡ ಕೋಣೆಗಳಿಗೆ ಮರಳಿದರು. ಸೋಫಾ, ವಾಷಿಂಗ್ ಮೆಷಿನ್‌ಗಳನ್ನು ಸಿಕ್ಕಷ್ಟಕ್ಕೆ ಮಾರಿದರು. ಗ್ರೈಂಡರನ್ನು ಹೆಚ್ಚಿನವರು ಮಾರಲಿಲ್ಲ, ಉಳಿದುಕೊಳ್ಳುವ ಗೆಳತಿಗೆ ಕೊಟ್ಟರು. ಹಾಗೆ ಒಂದೇ ಗ್ರೈಂಡರ್ ಮೂರು ನಾಲ್ಕು ಮನೆ ಕಂಡದ್ದುಂಟು. ಅದರ ಬೆಲ್ಟ್ ಸವೆದಾಗ ಹೊಸದು ಊರಿನಿಂದ ಯಾರದೋ ಜೇಬಿನಲ್ಲಿ ಬರುತ್ತದೆ.

ಉಳಿದವರ ಮನೆಗಳಲ್ಲಿ ಹಬ್ಬಗಳು ನಡೆದೇ ಇವೆ. ರಂಜಾನಿನಲ್ಲಿ ಬ್ಯಾರಿ ಮನೆಗಳಲ್ಲಿ ಅಕ್ಕಿಯ ಪತ್ತಿರ್, ಭಟ್ಕಳದ ನವಾಯತರಲ್ಲಿ ಶ್ಯಾವಿಗೆ ಬಿರಿಯಾನಿ; ಅಷ್ಟಮಿಗೆ ಉಡುಪಿ ಕಡೆಯವರ ಮನೆಯೊಳಗೆ ಚಕ್ಕುಲಿ, ಉಂಡೆ; ಕ್ರಿಸ್‌ಮಸ್ಸಿಗೆ ಮಂಗಳೂರಿನ ಕ್ರೈಸ್ತರ ಕುಸ್ವಾರ್ ತಿಂಡಿಗಳು. ತಟ್ಟೆಗಳು ಮಹಡಿಯಿಂದ ಮಹಡಿಗೆ ಓಡಾಡುತ್ತವೆ. ಊರಿನಲ್ಲಿ ಬೇರೆ ಬೇರೆ ಓಣಿಗಳಲ್ಲಿ ಇರುತ್ತಿದ್ದ ಈ ತಿಂಡಿಗಳು ದಮ್ಮಾಮಿನ ಒಂದೇ ಕಟ್ಟಡದ ಮೆಟ್ಟಿಲುಗಳಲ್ಲಿ ಎದುರುಬದುರಾಗುತ್ತವೆ. ಚಕ್ಕುಲಿ ಒರಳು ಒಂದು ಮನೆಯದು, ದೊಡ್ಡ ಬಾಣಲೆ ಇನ್ನೊಂದು ಮನೆಯದು.

ಇತ್ತೀಚಿನ ವರ್ಷಗಳಲ್ಲಿ ಈ ತಟ್ಟೆಗಳಿಗೆ ಹೊಸದೊಂದು ಸೇರಿದೆ, ಖರ್ಜೂರದ ಹೋಳಿಗೆ. ಊರಿನಲ್ಲೂ ಅದು ಇತ್ತು, ಆದರೆ ದುಬಾರಿಯ ತಿಂಡಿ. ಸೌದಿ ವರ್ಷಕ್ಕೆ 15 ಲಕ್ಷ ಟನ್ನಿಗೂ ಹೆಚ್ಚು ಖರ್ಜೂರ ಬೆಳೆಯುವ ನಾಡು. 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಅಲ್-ಅಹ್ಸಾ ಒಂದರಲ್ಲೇ ಸುಮಾರು 25 ಲಕ್ಷ ಖರ್ಜೂರದ ಮರಗಳಿವೆ. ಅಲ್ಲಿಯ ಖಲಾಸ್, ಕಸೀಮ್‌ನ ಸುಕ್ಕರಿ, ಮದೀನಾದ ಅಜ್ವಾ ಎಂದು ತಳಿಗಳು ಹಲವು. ಕಸೀಮ್, ಹಾಯಿಲ್ ಕಡೆಯ ಮನೆಗಳಲ್ಲಿ ಹೆಂಗಸರು ಕ್ಲೇಜಾ ಎಂಬ ಬಿಸ್ಕತ್ತಿಗೆ ತುಂಬಲು ಬಳಸುವ, ಬೀಜ ತೆಗೆದು ನಾದಿದ ಖರ್ಜೂರದ ಮುದ್ದೆ ಎಲ್ಲ ಅಂಗಡಿಗಳಲ್ಲೂ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಅದೇ ಹೂರಣ. ಬೇಳೆ ಬೇಯಿಸುವುದಿಲ್ಲ, ಕಟ್ಟು ಬಸಿಯುವುದಿಲ್ಲ, ಅರೆಯುವುದೂ ಇಲ್ಲ; ಗ್ರೈಂಡರ್‌ಗೆ ಆ ದಿನ ರಜೆ. ಮುದ್ದೆಗೆ ಒಂದಿಷ್ಟು ಹುರಿದ ಎಳ್ಳು, ಏಲಕ್ಕಿ ಪುಡಿ, ಒಣಕೊಬ್ಬರಿ ಸೇರಿಸಿ, ಕೈಗೆ ತುಪ್ಪ ಸವರಿಕೊಂಡು ನಿಂಬೆ ಗಾತ್ರದ ಉಂಡೆ ಕಟ್ಟಬೇಕು. ಮೈದಾ, ಚಿರೋಟಿ ರವೆ, ಅರಿಶಿನ, ಧಾರಾಳ ಎಣ್ಣೆಯ ಕಣಕ ಎರಡು ತಾಸು ನೆನೆಯಬೇಕು. ತೆಳ್ಳಗೆ ತಟ್ಟಿ, ಸಣ್ಣ ಉರಿಯಲ್ಲಿ ಬೇಯಿಸಬೇಕು. ಖರ್ಜೂರದ ಸಕ್ಕರೆ ಬೇಗ ಕರಕಲಾಗುತ್ತದೆ. ಬೇಳೆಯ ಹೋಳಿಗೆ ಎರಡನೇ ದಿನಕ್ಕೆ ಹಳಸುವ ಹವೆಯಲ್ಲಿ ಇದು ವಾರ ಇರುತ್ತದೆ, ಮಕ್ಕಳ ಶಾಲೆಯ ಡಬ್ಬಿಗೂ ಹೋಗುತ್ತದೆ.

ರಜೆಗೆ ಬಜ್ಪೆಯಲ್ಲಿ ಇಳಿಯುವವರ ಪೆಟ್ಟಿಗೆಯಲ್ಲಿ ಈಗ ಬಿಡಿ ಖರ್ಜೂರದ ಜೊತೆಗೆ ಈ ಮುದ್ದೆಯ ಕಟ್ಟುಗಳೂ ಇರುತ್ತವೆ. ಮೂಡುಬಿದಿರೆ, ಕುಂದಾಪುರ, ಭಟ್ಕಳದ ಅತ್ತೆಯಂದಿರು ಅದನ್ನು ಸೊಸೆಯಿಂದ ಕೇಳಿ ಪಡೆದು, ಕಣಕ ಕಲಸಲು ಕೂರುತ್ತಾರೆ. ಒಲೆಯ ಉರಿ ಎಷ್ಟಿರಬೇಕೆಂದು ಹೇಳಿಕೊಡುವವಳು ಸೊಸೆ.